ಪಿತ್ತ ಅಷ್ಟೇ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಐದೂವರೆಗೆ ಎಚ್ಚರವಾಯಿತು. ಬಚ್ಚಲುಮನೆ ಕಡೆಯಿಂದ ಅದೇ ಸದ್ದು. ಹಕ್, ಹಕ್, ಹಕ್. ಸ್ವಲ್ಪ ಹೊತ್ತು ಸುಮ್ಮನೆ. ಆಮೇಲೆ ಹೊಟ್ಟೆಯ ತಳದಿಂದ ಎಳೆದು ತರುವಂತೆ ಇನ್ನೊಂದು. "ಅಕ್ಕಾ" ಎಂದು ಕರೆದೇಬಿಟ್ಟೆ. ಅಕ್ಕ ತೀರಿಹೋಗಿ ಮೂರು ತಿಂಗಳಾಯಿತು ಎಂಬುದು ಕರೆದ ಮೇಲೆ ನೆನಪಾಯಿತು.

ಎದ್ದು ನೋಡಿದರೆ ಬೆಕ್ಕು. ಬಚ್ಚಲ ಬಾಗಿಲ ಮುಂದೆ ಕುತ್ತಿಗೆ ಚಾಚಿ, ಬೆನ್ನು ಗೂನು ಮಾಡಿಕೊಂಡು ಕಕ್ಕುತ್ತಿತ್ತು. ಬೆರಳುದ್ದದ ಕೂದಲ ಉಂಡೆ, ಸುತ್ತ ನೊರೆ. ಕಕ್ಕಿ ಮುಗಿಸಿ, ಇದನ್ನು ಮಾಡಿದವನು ನಾನೇ ಎಂಬಂತೆ ನನ್ನನ್ನು ನೋಡಿ, ನೆಟ್ಟಗೆ ಅಡುಗೆಮನೆಗೆ ಹೋಗಿ ತಟ್ಟೆಯ ಮುಂದೆ ಕೂತಿತು. ಒರೆಸಿದೆ. ಈ ಕೆಲಸ ನನಗೆ ಹೊಸದಲ್ಲ ಎಂದು ಬರೆಯಹೊರಟೆ. ಬೇಡ.

ಇದು ಅಕ್ಕನ ಬೆಕ್ಕು. ಅವಳು ಅದಕ್ಕೆ ದೊರೆಸಾನಿ ಎಂದು ಹೆಸರಿಟ್ಟಿದ್ದಳು. ನಾನು ಬೆಕ್ಕು ಎನ್ನುತ್ತೇನೆ. ಅಕ್ಕ ಇರುವಾಗ ನಮ್ಮಿಬ್ಬರಿಗೂ ಅಷ್ಟಕ್ಕಷ್ಟೇ, ಈಗ ಬೇರೆ ದಾರಿಯಿಲ್ಲದೆ ಒಂದೇ ಸೂರಿನ ಕೆಳಗಿದ್ದೇವೆ.

ಬೀಗದ ಅಂಗಡಿಗೆ ಹೊರಟಾಗ ಎದುರು ಮನೆಯ ಮೇಷ್ಟ್ರು ಸಿಕ್ಕರು. ನಿವೃತ್ತರಾಗಿ ಎಂಟು ವರ್ಷವಾದರೂ ಯಾರನ್ನು ಕಂಡರೂ ಪಾಠ ಮಾಡುವುದನ್ನು ಬಿಟ್ಟಿಲ್ಲ. ಬೆಕ್ಕು ಕಕ್ಕಿದ್ದನ್ನು ಹೇಳಿದೆ. "ಬೆಕ್ಕು ಅಂದ್ಮೇಲೆ ಮೈ ನೆಕ್ಕುತ್ತೆ, ನೆಕ್ಕಿದ ಕೂದ್ಲು ಹೊಟ್ಟೆಗೆ ಹೋಗುತ್ತೆ, ಹೋದದ್ದು ಯಾವಾಗ್ಲೋ ಒಂದ್ಸಲ ವಾಪಸ್ ಬರುತ್ತೆ. ಅದಕ್ಕೆ ನೀನ್ಯಾಕಯ್ಯ ಇಷ್ಟು ಮುಖ ಇಳಿಬಿಟ್ಕೊಂಡಿದೀಯ?" ಎಂದರು.

ಇಳಿಬಿಟ್ಟಿಲ್ಲ ಎಂದೆ. ನನ್ನ ಮುಖ ಇರುವುದೇ ಹೀಗೆ.

ಈ ಡೈರಿ ಬೀಗದ ಕಂಪನಿಯವರು ಕೊಟ್ಟದ್ದು. ಪ್ರತಿವರ್ಷ ತಂದು ಅಕ್ಕನಿಗೆ ಕೊಡುತ್ತಿದ್ದೆ. ಅವಳು ಹೊಲಿಗೆ ಗಿರಾಕಿಗಳ ಅಳತೆ ಬರೆಯುತ್ತಿದ್ದಳು. ಈ ವರ್ಷದ್ದು ಖಾಲಿ ಬಿದ್ದಿತ್ತು.


ಮಾರ್ಚ್ 5, ಬುಧವಾರ

ಮೀನು ತಂದು ಹಾಕಿದ್ದೆ. ಯಾರೋ ಕಿತ್ತುಕೊಳ್ಳುತ್ತಾರೆ ಎಂಬಂತೆ ಗಬಗಬ ನುಂಗಿ, ಎರಡೇ ನಿಮಿಷಕ್ಕೆ ಅಷ್ಟನ್ನೂ ನನ್ನ ಚಪ್ಪಲಿಯ ಮೇಲೆ ಹಾಕಿತು. ಆ ಸದ್ದನ್ನು ನನಗೆ ಕೇಳಲಾಗುವುದಿಲ್ಲ. ಎರಡನೇ ಬೀದಿಯ ಪಶುವೈದ್ಯರ ನಂಬರು ಅಕ್ಕ ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿದ್ದಳು. ಫೋನು ಮಾಡಿದೆ. ಡಾಕ್ಟರಮ್ಮನೇ ಎತ್ತಿದರು.

"ಪಿತ್ತ ಇರಬೇಕು ಮೇಡಂ, ಎರಡು ಸಲ ಆಯ್ತು" ಎಂದೆ.

"ಪಿತ್ತ ಅನ್ನೋದು ನೀವಿಟ್ಟ ಹೆಸರು. ಹೆಸರು ನನಗೆ ಬೇಡ, ಕಂಡದ್ದು ಹೇಳಿ. ಏನು ಬಂತು, ಯಾವ ಬಣ್ಣ, ತಿಂದ ಎಷ್ಟು ಹೊತ್ತಿಗೆ?"

ಹೇಳಿದೆ. ಮೊನ್ನೆಯದು ಕೂದಲು, ಇವತ್ತಿನದು ಅವಸರದ ಊಟ, ಎರಡಕ್ಕೂ ಹೆದರುವಂಥದ್ದೇನಿಲ್ಲ ಎಂದರು. ಸ್ವಲ್ಪಸ್ವಲ್ಪವೇ ಹಾಕಬೇಕಂತೆ, ದಿನಾ ಮೈ ಬಾಚಬೇಕಂತೆ. ನಾನು ನನ್ನ ತಲೆಯನ್ನೇ ದಿನಾ ಬಾಚುವುದಿಲ್ಲ.

"ಒಂದ್ಸಲ ಕಕ್ಕಿ ಮಾಮೂಲಿನ ಹಾಗೆ ಓಡಾಡ್ಕೊಂಡು ತಿಂತಾ ಇದ್ರೆ ಮನೇಲೇ ನೋಡ್ಕೊಳ್ಳಿ. ಆದ್ರೆ ಒಂದೇ ದಿನದಲ್ಲಿ ಎರಡು ಮೂರು ಸಲ ಆಯ್ತು, ಒಂದು ದಿನ ಪೂರ್ತಿ ಏನೂ ತಿನ್ಲಿಲ್ಲ, ಕುಡಿದ ನೀರೂ ನಿಲ್ತಿಲ್ಲ, ರಕ್ತ ಕಾಣಿಸ್ತು, ಮೂಲೆ ಸೇರ್ಕೊಂಡು ಮಂಕಾಗಿ ಕೂತ್ಕೊಂತು, ಇದ್ರಲ್ಲಿ ಒಂದಾದ್ರೂ ಕಂಡ್ರೆ ಕಾಯ್ಬೇಡಿ. ಬೆಕ್ಕು ನೋವನ್ನ ಬಚ್ಚಿಡುತ್ತೆ. ನಮ್ಮ ಕಣ್ಣಿಗೆ ಬೀಳೋ ಹೊತ್ತಿಗೆ ತುಂಬಾ ಆಗಿರುತ್ತೆ. ಒಂದು ಪುಸ್ತಕದಲ್ಲಿ ಬರೆದಿಡಿ."

ಬರೆದಿಡುತ್ತಿದ್ದೇನೆ. ಬಚ್ಚಿಡುವುದರಲ್ಲಿ ಅಕ್ಕನೂ ಏನು ಕಡಿಮೆ ಇರಲಿಲ್ಲ. ನಲ್ಲಿ ಜೋರಾಗಿ ಬಿಟ್ಟುಕೊಂಡು ವಾಂತಿ ಮಾಡುತ್ತಿದ್ದಳು, ನನಗೆ ಕೇಳಬಾರದೆಂದು. ನನಗೆ ಗೊತ್ತೇ ಆಗಲಿಲ್ಲ. ಪಿತ್ತ ಎಂದು ಅವಳೇ ಅಂದದ್ದು.


ಮಾರ್ಚ್ 8, ಶನಿವಾರ

ಅಕ್ಕನ ಕೋಣೆಯೊಳಗೆ ಸದ್ದಾಯಿತು.

ಇದನ್ನು ಸರಿಯಾಗಿ ಬರೆಯಬೇಕು, ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ. ಸಂಜೆ ಅಂಗಡಿಯಿಂದ ಬಂದು ಶರಟು ಕಳಚುತ್ತಿದ್ದೆ. ಟಕ್ ಟಕ್ ಎಂದಿತು. ನಿಂತಿತು. ಮತ್ತೆ ಟಕ್ ಟಕ್ ಟಕ್. ಹೊಲಿಗೆ ಯಂತ್ರದ ಮೇಲೆ ದಾರದ ಉಂಡೆ ತಿರುಗುವಾಗ ಆಗುವ ಸದ್ದು ಅದು. ನಲವತ್ತು ವರ್ಷ ಕೇಳಿದ ಸದ್ದನ್ನು ನಾನು ತಪ್ಪು ತಿಳಿಯುವುದಿಲ್ಲ.

ಆ ಕೋಣೆಗೆ ಬೀಗ ಹಾಕಿದ್ದೇನೆ. ಅವಳನ್ನು ಕಳಿಸಿಕೊಟ್ಟು ಬಂದ ದಿನವೇ ಹಾಕಿದೆ. ಯಂತ್ರ, ಸೂಜಿಗೆ ಪೋಣಿಸಿದ ದಾರ, ಅರ್ಧ ಹೊಲಿದ ಬಟ್ಟೆ, ಮಂಚ, ಎಲ್ಲ ಇದ್ದಲ್ಲೇ ಇದೆ. ಕೀಲಿಯನ್ನು ಅಂಗಡಿಯ ಹಳೇ ಕೀಲಿಗಳ ಡಬ್ಬಿಯಲ್ಲಿ ಹಾಕಿ ಡಬ್ಬಿ ಅಲ್ಲಾಡಿಸಿಬಿಟ್ಟೆ. ಅದರಲ್ಲಿ ಸಾವಿರ ಕೀಲಿಯಾದರೂ ಇವೆ. ಮೇಷ್ಟ್ರಿಗೆ ಇದೊಂದು ತಮಾಷೆ: "ಊರವರ ಬಾಗ್ಲೆಲ್ಲ ತೆಗೆಯೋನು, ಮನೆ ಬಾಗ್ಲಿಗೆ ಬಂದ್ರೆ ಕೈ ಕಟ್ಕೋತೀಯ." ಅವಳ ವಸ್ತುಗಳನ್ನು ಇದ್ದಂತೆಯೇ ಇಟ್ಟಿದ್ದೇನೆ ಎಂದು ಹೇಳುತ್ತೇನೆ. ಜನ ಅದನ್ನು ಪ್ರೀತಿ ಎನ್ನುತ್ತಾರೆ.

ಬಾಗಿಲಿಗೆ ಕಿವಿಯಿಟ್ಟೆ. ಒಳಗೆ ಏನೋ ಮೆಲ್ಲಗೆ ಎಳೆದಂತೆ, ನೆಲಕ್ಕೆ ಬಿದ್ದಂತೆ. "ಯಾರು?" ಎಂದೆ. ಸದ್ದು ನಿಂತಿತು. ಯಾರೂ ಇಲ್ಲದ ಕೋಣೆಯಾದರೆ ಯಾಕೆ ನಿಲ್ಲಬೇಕು?

ರೇಡಿಯೋ ಹಾಕಿ ಜೋರು ಮಾಡಿಕೊಂಡು ಕೂತೆ. ಬೆಕ್ಕು ಒಂದು ಗಂಟೆಯಾದ ಮೇಲೆ ಹಿತ್ತಿಲ ಕಡೆಯಿಂದ ಬಂತು.


ಮಾರ್ಚ್ 9, ಭಾನುವಾರ

ಗುಬ್ಬಿ ಫೋನು ಮಾಡಿದಳು. ಅಕ್ಕನ ಮಗಳು, ಒಬ್ಬಳೇ ಮಗಳು. ಹುಟ್ಟಿದಾಗ ಅಂಗೈಯಗಲ ಇದ್ದಳು, ಗುಬ್ಬಿ ಎಂದು ನಾನೇ ಕರೆದೆ, ಅದೇ ಉಳಿಯಿತು. ಈಗ ಬೇರೆ ಊರಲ್ಲಿ ನರ್ಸರಿ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಪ್ರತಿ ಭಾನುವಾರ ಫೋನು ಮಾಡುತ್ತಾಳೆ, ಪ್ರತಿ ಭಾನುವಾರ ಅದನ್ನೇ ಕೇಳುತ್ತಾಳೆ.

"ಮಾಮ, ಅಮ್ಮ ಎಷ್ಟು ದಿನದಿಂದ ವಾಂತಿ ಮಾಡ್ತಿದ್ಲು?"

"ಎರಡು ದಿನ. ಹೇಳಿದೀನಲ್ಲಮ್ಮ."

"ಆಸ್ಪತ್ರೆ ಡಾಕ್ಟ್ರು ಎರಡು ವಾರ ಮೊದ್ಲೇ ಕರ್ಕೊಂಡು ಬಂದಿದ್ರೆ ಹೊಟ್ಟೇಲಿದ್ದ ಗಡ್ಡೆ ತೆಗೀಬಹುದಿತ್ತು ಅಂದ್ರು. ಎರಡು ದಿನದ ವಾಂತಿಗೆ ಎರಡು ವಾರ ಮೊದ್ಲು ಯಾಕೆ ಬರ್ಬೇಕಿತ್ತು?"

"ಡಾಕ್ಟ್ರುಗಳು ಎಲ್ಲರಿಗೂ ಅದನ್ನೇ ಹೇಳ್ತಾರೆ."

"ಅಮ್ಮ ಏನೂ ಹೇಳ್ಲೇ ಇಲ್ವಾ ನಿಂಗೆ?"

"ಪಿತ್ತ ಅಷ್ಟೇ ಅಂದ್ಲು."

ಅವಳಿಗೆ ರಾತ್ರಿ ನಿದ್ದೆ ಬರುತ್ತಿಲ್ಲವಂತೆ. ತಾನು ಮಗಳಾಗಿ ದನಿಯಲ್ಲೇ ಕಂಡುಹಿಡಿಯಬೇಕಿತ್ತು, ತನ್ನದೇ ತಪ್ಪು ಎಂದಳು. ಹಾಗೆಲ್ಲ ಅಂದುಕೊಳ್ಳಬೇಡ ಎಂದೆ. ಊಟ ಆಯಿತಾ ಎಂದು ಕೇಳಿದಳು. ಆಯಿತು ಎಂದೆ. ಆಗಿರಲಿಲ್ಲ.


ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ಒಂದು ಸಲ, ಅಂಗಡಿಯಿಂದ ಬಂದ ಮೇಲೆ ಒಂದು ಸಲ. ಹಳದಿ. ಕೂದಲಿಲ್ಲ, ಊಟವಿಲ್ಲ, ಬರೀ ಹಳದಿ ನೀರು. ಪಿತ್ತ ಅಷ್ಟೇ.

ಇವತ್ತು ಅಂಗಡಿಗೆ ಒಬ್ಬ ಹೆಂಗಸು ಬಂದಿದ್ದಳು. ಕೀಲಿ ಒಳಗೆ ಬಿಟ್ಟು ಬಾಗಿಲು ಎಳೆದುಕೊಂಡಿದ್ದಾಳೆ. "ಗಾಳಿ ಬೀಸಿ ಮುಚ್ಕೊಂಡ್ಬಿಡ್ತು" ಎಂದಳು. ನನ್ನ ಹತ್ತಿರ ಬರುವವರೆಲ್ಲ ಗಾಳಿಗೇ ಬೈಯುತ್ತಾರೆ. ಎಲೆ ಅಲ್ಲಾಡದ ದಿನವೂ ಗಾಳಿಯೇ. ಬಾಗಿಲು ತೆಗೆದುಕೊಟ್ಟು ಬಂದೆ.


ಮಾರ್ಚ್ 12, ಬುಧವಾರ

ನಾಲ್ಕು ಸಲ. ಹಳದಿ, ನೊರೆ. ಹಾಲು ಮುಟ್ಟಲಿಲ್ಲ. ಮೀನನ್ನು ಮೂಸಿ, ತುಟಿ ನೆಕ್ಕಿಕೊಂಡು ಮುಖ ತಿರುಗಿಸಿತು.

ಮೇಷ್ಟ್ರು ಡಾಕ್ಟರಿಗೆ ತೋರಿಸು ಎಂದರು. ನಾಳೆ ನೋಡೋಣ, ಪಿತ್ತ ಇಳಿದರೆ ಸರಿಹೋಗುತ್ತದೆ ಎಂದೆ. "ಬೆಕ್ಕಿಗೋ, ನಿನಗೋ? ನಿನಗೆ ನೆತ್ತಿಗೇರಿದ ಹಾಗಿದೆ" ಎಂದರು. ನಗು ಬರಲಿಲ್ಲ.

ಸಂಜೆ ಬಚ್ಚಲಲ್ಲಿ ನಲ್ಲಿ ಸುರಿಯುವ ಸದ್ದು. ಹೋಗಿ ಮುಟ್ಟಿ ನೋಡಿದೆ. ಒಣಗಿತ್ತು.


ಮಾರ್ಚ್ 13, ಗುರುವಾರ

ನನ್ನ ಮಂಚದ ಕೆಳಗೆ ಸೇರಿಕೊಂಡಿದೆ. ಕರೆದರೆ ಬರುವುದಿಲ್ಲ. ನೀರು ಕುಡಿಯಿತು, ಅದನ್ನೂ ಹಾಕಿತು. ಮೂರು ಸಲ.

ನಾಳೆ.


ಮಾರ್ಚ್ 14, ಶುಕ್ರವಾರ

ಎಲ್ಲ ಬರೆಯುತ್ತೇನೆ, ಇದ್ದದ್ದು ಇದ್ದಂತೆ.

ಐದೂವರೆಗೆ ಸದ್ದು. ಹೊದಿಕೆಯನ್ನು ಕಿವಿಯ ಮೇಲೆ ಎಳೆದುಕೊಂಡೆ. ನವೆಂಬರಿನಲ್ಲಿ ಹೇಗೆ ಎಳೆದುಕೊಂಡಿದ್ದೆನೋ ಹಾಗೇ. ಸದ್ದು ನಿಲ್ಲಲಿಲ್ಲ. ಕೊನೆಗೆ ಬಗ್ಗಿ ಮಂಚದ ಕೆಳಗೆ ಟಾರ್ಚು ಹಾಕಿದೆ. ಬಾಯಿ ಅರ್ಧ ತೆರೆದುಕೊಂಡು ಜೊಲ್ಲು ಸುರಿಸುತ್ತಿತ್ತು. ತುಟಿಯ ಅಂಚಿನಲ್ಲಿ ಒಂದು ಕೆಂಪು ದಾರ, ಉಗುರುದ್ದ ಇಳಿಬಿದ್ದಿತ್ತು.

ಟೈಲರ್ ಮನೆಯಲ್ಲಿ ಬೆಳೆದವನು ನಾನು. ಹೊಲಿದು ಮುಗಿದ ಬಟ್ಟೆಯಲ್ಲಿ ದಾರ ಇಳಿಬಿದ್ದರೆ ಎಳೆದು ಕೀಳುವುದು ಚಿಕ್ಕಂದಿನಿಂದ ನನ್ನ ಕೆಲಸ. ಅಕ್ಕ ಬಟ್ಟೆ ನನ್ನ ಕಡೆ ಎಸೆಯುತ್ತಿದ್ದಳು, ನಾನು ಎಳೆಯುತ್ತಿದ್ದೆ. ಬಸ್ಸಿನಲ್ಲಿ ಎದುರು ಕೂತವರ ತೋಳಿನಲ್ಲಿ ದಾರ ಕಂಡರೂ ನನಗೆ ಬೆರಳು ತುರಿಸುತ್ತದೆ. ಕೈ ತಡೆಯಲಿಲ್ಲ. ಎಳೆದೆ.

ಬರಲಿಲ್ಲ. ಒಳಗೆಲ್ಲೋ ಬಿಗಿಯಾಗಿ ಹಿಡಿದಿತ್ತು. ದೊರೆಸಾನಿ ಕೂಗಿದ ಕೂಗು ಬೆಕ್ಕಿನದಾಗಿರಲಿಲ್ಲ. ದಾರ ಬಿಟ್ಟು ಫೋನಿಗೆ ಓಡಿದೆ.

"ಎಳೀಬೇಡಿ. ಕತ್ತರಿಸ್ಲೂಬೇಡಿ" ಎಂದರು ಡಾಕ್ಟರಮ್ಮ. "ಎಳೆದ್ರೆ ಒಳಗೆ ಕರುಳನ್ನೇ ಕುಯ್ಯುತ್ತೆ. ಹೇಗಿದೆಯೋ ಹಾಗೇ ಎತ್ಕೊಂಡು ಬನ್ನಿ, ಈಗ್ಲೇ."

ಎಳೆದಾಗಿದೆ ಎಂದು ಹೇಳಲಿಲ್ಲ.

ಬುಟ್ಟಿಯಲ್ಲಿ ಟವಲು ಹಾಸಿ ದೊರೆಸಾನಿಯನ್ನು ಮಲಗಿಸಿಕೊಂಡು ಓಡಿದೆ. ಎರಡೇ ಬೀದಿ, ಮುಗಿಯಲೇ ಇಲ್ಲ. ಕ್ಲಿನಿಕ್ಕಿನ ಮೇಜಿನ ಮೇಲೆ ಡಾಕ್ಟರಮ್ಮ ಅವಳ ಬಾಯಿ ತೆರೆದು ನಾಲಿಗೆಯನ್ನು ಮೇಲೆತ್ತಿದರು. ನಾಲಿಗೆಯ ಬುಡಕ್ಕೆ ದಾರ ಸುತ್ತಿಕೊಂಡು ಅಲ್ಲೇ ಗಾಯ ಮಾಡಿತ್ತು. ಇನ್ನೊಂದು ತುದಿ ಗಂಟಲಿಗಿಳಿದಿತ್ತು.

"ಎಷ್ಟು ದಿನದಿಂದ ವಾಂತಿ?"

"ಎರಡು ದಿನ" ಎಂದೆ. ಬಾಯಿಗೆ ತಾನಾಗಿಯೇ ಬಂತು.

ಹೊಟ್ಟೆ ಒತ್ತಿ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಬೆನ್ನ ಚರ್ಮ ಚಿವುಟಿ ಬಿಟ್ಟರು. ಚರ್ಮ ಎದ್ದದ್ದು ಎದ್ದೇ ನಿಂತಿತು. ಸ್ಕ್ಯಾನ್ ಮಾಡಿದರು. ಆಮೇಲೆ ಕೈಗವಸು ತೆಗೆದು ನನ್ನ ಎದುರು ನಿಂತರು.

"ಎರಡು ದಿನಕ್ಕೆ ಮೈಯಲ್ಲಿ ನೀರು ಇಷ್ಟು ಬತ್ತಲ್ಲ. ದಾರದ ಒಂದು ತುದಿ ನಾಲಿಗೇಲಿ ಸಿಕ್ಕಿಕೊಂಡಿದೆ. ಉಳಿದದ್ದು ಕರುಳನ್ನ ನೆರಿಗೆ ನೆರಿಗೆಯಾಗಿ ಸುರುಟಿದೆ. ಕುಯ್ದು ತೆಗೀಲೇಬೇಕು. ಕರುಳು ಎಷ್ಟು ಹೊತ್ತು ಆ ಸ್ಥಿತೀಲಿದೆ ಅಂತ ಗೊತ್ತಾದ್ರೆ ಒಳಗೆ ಏನು ಕಾದಿದೆ ಅಂತ ನಾನು ತಯಾರಾಗ್ಬಹುದು. ನಿಮ್ಮನ್ನ ಬೈಯೋಕೆ ಕೇಳ್ತಿಲ್ಲ. ನಿಜ ಹೇಳಿ."

ಡೈರಿ ಚೀಲದಲ್ಲಿತ್ತು. ಬರೆದಿಡಿ ಎಂದಿದ್ದರಲ್ಲ, ತಂದಿದ್ದೆ. ತೆಗೆದು ಓದಿದೆ. ಹನ್ನೊಂದು, ಎರಡು ಸಲ, ಹಳದಿ. ಹನ್ನೆರಡು, ನಾಲ್ಕು ಸಲ, ಹಳದಿ ಮತ್ತು ನೊರೆ, ಊಟವಿಲ್ಲ. ಹದಿಮೂರು, ಮೂರು ಸಲ, ನೀರೂ ನಿಲ್ಲಲಿಲ್ಲ, ಮಂಚದ ಕೆಳಗೆ. ಹದಿನಾಲ್ಕು, ನಾನು ದಾರ ಎಳೆದೆ. ಕೊನೆಯದು ಡೈರಿಯಲ್ಲಿರಲಿಲ್ಲ, ಓದಿದಂತೆಯೇ ಹೇಳಿದೆ. "ಪಿತ್ತ ಅಷ್ಟೇ" ಎಂಬ ಸಾಲು ಬಂದಾಗ ಬಿಟ್ಟುಬಿಟ್ಟೆ.

"ಸರಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಹೊರಗಿನ ಬೆಂಚಿನಲ್ಲಿ ಮೂರು ಗಂಟೆ ಕೂತಿದ್ದೆ. ಗೋಡೆಯ ಮೇಲೆ ನಾಯಿಮರಿಗಳ ಚಿತ್ರವಿದ್ದ ಕ್ಯಾಲೆಂಡರು. ಒಳಗೆ ಯಾರೋ ನಲ್ಲಿ ತಿರುಗಿಸಿದರು. ಕೈ ತೊಳೆಯುತ್ತಿದ್ದಿರಬೇಕು. ಆ ಸದ್ದು ನಿಲ್ಲುವವರೆಗೂ ಎದ್ದು ನಿಂತಿದ್ದೆ.

ಎರಡು ಕಡೆ ಕರುಳು ಕುಯ್ದು ದಾರ ತೆಗೆದಿದ್ದಾರೆ. ಒಂದು ಮೀಟರಿಗಿಂತ ಹೆಚ್ಚು. ಇನ್ನು ಮೂರು ದಿನ ಹೇಳಲಾಗುವುದಿಲ್ಲ ಎಂದರು. "ಇಷ್ಟುದ್ದದ ದಾರ ಎಲ್ಲಿ ಸಿಕ್ತು ಅದಕ್ಕೆ? ಹುಡುಕಿ ತೆಗೆದುಹಾಕಿ. ಸೂಜಿ ಏನಾದ್ರೂ ಇತ್ತಾ ನೋಡಿ. ಸ್ಕ್ಯಾನಲ್ಲಿ ಕಾಣ್ಲಿಲ್ಲ, ಆದ್ರೂ ನೋಡಿ."

ಎಲ್ಲಿ ಸಿಕ್ಕಿತು ಎಂದು ನನಗೆ ಗೊತ್ತು. ಶನಿವಾರ ಬಾಗಿಲಿಗೆ ಕಿವಿಯಿಟ್ಟು ಕೇಳಿಸಿಕೊಂಡಿದ್ದೇ ಅದನ್ನು. ಆಗಲೇ ಬಾಗಿಲು ತೆಗೆದಿದ್ದರೆ ಸಾಕಿತ್ತು.


ಮಾರ್ಚ್ 15, ಶನಿವಾರ

ದೊರೆಸಾನಿ ಬದುಕಿದ್ದಾಳೆ. ಡ್ರಿಪ್ ಹಾಕಿದ್ದಾರೆ. ಗಾಜಿನಾಚೆಯಿಂದ ನೋಡಿದೆ. ಮುಂಗಾಲಿನ ಕೂದಲು ಬೋಳಿಸಿ ಪಟ್ಟಿ ಸುತ್ತಿದ್ದಾರೆ, ಅಂಗೈಯಗಲ ಕಾಣುತ್ತಿದ್ದಳು.

ಮನೆಗೆ ಬಂದು ಅಕ್ಕನ ಬಾಗಿಲ ಮುಂದೆ ಕೂತೆ. ಡಬ್ಬಿಯಲ್ಲಿ ಕೀಲಿ ಹುಡುಕಲು ಹೋಗಲಿಲ್ಲ. ಕೊಕ್ಕೆ, ತಂತಿ ತಂದಿದ್ದೆ. ಇಂಥ ಬೀಗ ನನಗೆ ಒಂದು ನಿಮಿಷದ ಕೆಲಸ. ಇವತ್ತು ಅರ್ಧ ಗಂಟೆ ಹಿಡಿಯಿತು. ತಂತಿ ಎರಡು ಸಲ ಮುರಿಯಿತು. ಒಳಗಿನಿಂದ ಯಾರಾದರೂ "ತಡಿ, ಬಂದೆ" ಎನ್ನಬಹುದು ಎಂದು ಹೆದರಿದ್ದೆ. ಎನ್ನಲಿ ಎಂದೂ ಇತ್ತು.

ಹಿತ್ತಿಲ ಕಿಟಕಿಯ ಒಂದು ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಕಂಬಿಗಳ ನಡುವೆ ದೊರೆಸಾನಿಯ ಕೂದಲು ಅಂಟಿತ್ತು. ಕೆಂಪು ದಾರದ ಉಂಡೆ ನೆಲದಲ್ಲಿ ಉರುಳಿ, ದಾರ ಯಂತ್ರದ ಕಾಲಿಗೆಲ್ಲ ಸುತ್ತಿಕೊಂಡಿತ್ತು. ಯಂತ್ರದ ಸೂಜಿ ಇದ್ದಲ್ಲೇ ಇತ್ತು. ಕೈಹೊಲಿಗೆಯ ಸೂಜಿಗಳನ್ನು ಎಣಿಸಿದೆ. ಹನ್ನೆರಡಕ್ಕೆ ಹನ್ನೆರಡೂ ಇವೆ. ಅಕ್ಕ ದಿನಾ ಎಣಿಸಿ ಇಡುತ್ತಿದ್ದಳು. ಹಾಸಿಗೆಯ ಮೇಲೆ ಎರಡು ಕಡೆ ಒಣಗಿದ ಹಳದಿ ಕಲೆ. ದೊರೆಸಾನಿ ನಾನು ಬರೆದ ಲೆಕ್ಕಕ್ಕಿಂತ ಹೆಚ್ಚೇ ಕಕ್ಕಿದ್ದಾಳೆ.

ಆಮೇಲೆ ಅಕ್ಕನ ಮಂಚದ ಕೆಳಗೆ ಬಗ್ಗಿದೆ. ನೀಲಿ ಬೋಗುಣಿ ಅಲ್ಲೇ ಇತ್ತು.

ಈ ಕೋಣೆಗೆ ಬೀಗ ಹಾಕಿದ್ದು ಆ ಬೋಗುಣಿಯನ್ನು ನೋಡಲಾರದೆ. ಅದನ್ನು ತಂದುಕೊಟ್ಟವನು ನಾನು. ಒಂಬತ್ತನೇ ದಿನ, ಅಂಗಡಿ ಪಕ್ಕದ ಪ್ಲಾಸ್ಟಿಕ್ ಸಾಮಾನಿನವನ ಹತ್ತಿರ ಕೊಂಡು ತಂದೆ, ಪದೇಪದೇ ಬಚ್ಚಲಿಗೆ ಎದ್ದು ಹೋಗುವುದು ಬೇಡ ಎಂದು. ಬೆಳಿಗ್ಗೆ ತೊಳೆದಿಡುತ್ತಿದ್ದವನೂ ನಾನೇ. ಗೊತ್ತೇ ಆಗಲಿಲ್ಲ ಎಂದು ಈ ಡೈರಿಯಲ್ಲೇ ಬರೆದಿದ್ದೇನೆ. ಪುಟ ತಿರುಗಿಸಿ ನೋಡಿದೆ. ಐದನೇ ತಾರೀಕಿನಲ್ಲಿದೆ, ನನ್ನದೇ ಅಕ್ಷರ. ಓದುವವರು ಯಾರೂ ಇಲ್ಲದ ಪುಸ್ತಕದಲ್ಲಿ ಯಾರಿಗೆ ಸುಳ್ಳು ಹೇಳಿದೆ?

ಪಿತ್ತ ಎಂದು ಅಕ್ಕ ಒಂದು ಸಲವೂ ಹೇಳಲಿಲ್ಲ. ಹೇಳಿದ್ದು ನಾನು.


ಮಾರ್ಚ್ 16, ಭಾನುವಾರ

ಗುಬ್ಬಿಯ ಫೋನಿಗೆ ಕಾಯಲಿಲ್ಲ. ನಾನೇ ಮಾಡಿದೆ. ಮೊದಲು ಕಾಗದದಲ್ಲಿ ಬರೆದುಕೊಂಡಿದ್ದೆ, ಇಲ್ಲದಿದ್ದರೆ ನಡುವೆ ಎಲ್ಲಾದರೂ ಗಾಳಿಗೆ ಬೈದುಬಿಡುತ್ತೇನೆ ಎಂದು. ಅವಳು ಹಲೋ ಎನ್ನುತ್ತಲೇ "ಎರಡು ದಿನ ಅಲ್ಲ, ಹತ್ತೊಂಬತ್ತು ದಿನ" ಎಂದೆ. ಆಮೇಲೆ ಓದಿದೆ.

ನವೆಂಬರ್ ಹದಿನಾಲ್ಕು, ಬೆಳಿಗ್ಗೆ ಒಂದು ಸಲ, ತಿಂದದ್ದು. ನಡುವೆ ಎರಡು ದಿನ ಇಲ್ಲ. ಹದಿನೇಳು, ಎರಡು ಸಲ, ನೀರಿನಂಥದ್ದು. ಪಿತ್ತ ಎಂದೆ. ಹತ್ತೊಂಬತ್ತರಿಂದ ದಿನಾ. ಇಪ್ಪತ್ತು, ಹಳದಿ, ಮೂರು ಸಲ, ಅಳತೆ ಟೇಪು ಕುತ್ತಿಗೆಯಲ್ಲೇ ಇತ್ತು, ಗಿರಾಕಿ ಹೊರಗೆ ಕೂತಿದ್ದರು, ನಲ್ಲಿ ಬಿಟ್ಟುಕೊಂಡಳು. ಇಪ್ಪತ್ತೆರಡು, ಬೋಗುಣಿ ತಂದೆ. ಇಪ್ಪತ್ತೈದು, ಐದು ಸಲ, ಹಸಿರು.

ಅಲ್ಲಿ ಕಾಗದ ಕೆಳಗಿಟ್ಟೆ.

"ಇಪ್ಪತ್ತೈದನೇ ತಾರೀಕು ಅವಳೇ ಕೇಳಿದ್ಲು. ಆಸ್ಪತ್ರೆಗೆ ಹೋಗೋಣ್ವೇನೋ ಅಂತ. ನಲವತ್ತು ಬೀಗದ ಕೆಲಸ ಒಪ್ಕೊಂಡಿದ್ದೆ. ಪಿತ್ತ ಅಷ್ಟೇ, ಕೆಲಸ ಮುಗೀಲಿ, ನೋಡೋಣ ಅಂದೆ. ಸರಿ ಬಿಡು ಅಂದ್ಲು. ಮತ್ತೆ ಕೇಳ್ಲಿಲ್ಲ."

ಇಪ್ಪತ್ತೊಂಬತ್ತು, ಕಾಫಿಪುಡಿಯ ಬಣ್ಣ. ರಕ್ತ ಎಂದು ನನಗೆ ಆಗಲೇ ಅನ್ನಿಸಿತ್ತು. ತೊಳೆದಿಟ್ಟೆ. ಡಿಸೆಂಬರ್ ಒಂದು, ಆಸ್ಪತ್ರೆ. ಎರಡು, ಬೆಳಿಗ್ಗೆ ಐದೂವರೆ.

ಗುಬ್ಬಿ ಇಪ್ಪತ್ತೈದಕ್ಕೇ ವಾಪಸ್ ಬಂದಳು.

"ಇಪ್ಪತ್ತೈದನೇ ತಾರೀಕು ನಾನು ಫೋನ್ ಮಾಡಿದ್ದೆ. ನೀನೇ ಎತ್ತಿದ್ದೆ. ಅಮ್ಮ ಮಲಗಿದಾಳೆ ಅಂದೆ."

"ಹೌದು."

"ನಿದ್ದೆ ಮಾಡ್ತಿದ್ಲಾ?"

"ಇಲ್ಲ. ಪಕ್ಕದಲ್ಲೇ ಕೂತಿದ್ಲು. ನಿಂಗೆ ಹೇಳ್ಬೇಡ ಅಂತ ಕೈ ಮಾಡಿದ್ಲು. ಆದ್ರೆ ನಾನು ಹೇಳ್ಬೇಕಿತ್ತು."

"ಇಷ್ಟು ಭಾನುವಾರ ಕೇಳಿದ್ನಲ್ಲ ಮಾಮ. ಇಷ್ಟು ಭಾನುವಾರ ನಾನು ನನ್ನ ತಪ್ಪು, ನನ್ನ ತಪ್ಪು ಅಂತ ಅತ್ತಿದ್ದನ್ನ ನೀನು ಕೇಳಿಸ್ಕೊಂಡು ಸುಮ್ನಿದ್ದೆ."

ಹೌದು ಎಂದೆ. ಅವಳು ಫೋನಿಟ್ಟಳು.

ಬೆಕ್ಕಿನ ವಿಷಯ ಹೇಳಲು ಮರೆತೆ.


ಮಾರ್ಚ್ 19, ಬುಧವಾರ

ದೊರೆಸಾನಿ ನಿನ್ನೆ ಮನೆಗೆ ಬಂದಳು. ಕುತ್ತಿಗೆಗೆ ಪ್ಲಾಸ್ಟಿಕ್ಕಿನ ಆಲಿಕೆಯಂಥದ್ದು ತೊಡಿಸಿದ್ದಾರೆ, ಹೊಲಿಗೆ ನೆಕ್ಕಿಕೊಳ್ಳಬಾರದೆಂದು. ಬಾಗಿಲಿಗೆಲ್ಲ ಡಿಕ್ಕಿ ಹೊಡೆದು, ಬೈಗುಳದಂಥ ಸದ್ದು ಮಾಡುತ್ತಾಳೆ. ಎರಡು ಗಂಟೆಗೊಮ್ಮೆ ಒಂದು ಚಮಚ ಮೆತ್ತಗಿನ ಊಟ. ನಾಲ್ಕು ಸಲ ತಿಂದಳು. ಕಕ್ಕಲಿಲ್ಲ.

ಅವಳಿಗೆ ಬೆಚ್ಚಗಿರಲೆಂದು ಅಕ್ಕನ ಕೋಣೆಯಲ್ಲೇ ಹಾಸಿಕೊಟ್ಟೆ. ಬಿಸಿಲು ಬರುವುದು ಅಲ್ಲೇ. ದಾರಗಳನ್ನೆಲ್ಲ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆ. ಪಕ್ಕದಲ್ಲಿ ನಾನೂ ಚಾಪೆ ಹಾಸಿಕೊಂಡೆ, ಆಲಿಕೆ ಸಿಕ್ಕಿಕೊಂಡರೆ ಗೊತ್ತಾಗಬೇಕಲ್ಲ.

ಬೆಳಗಿನ ಐದೂವರೆಗೆ ಮತ್ತೆ ಸದ್ದು. ಹಕ್, ಹಕ್, ಹಕ್. ಅವಳು ನನ್ನ ಕೈಯ ಮೇಲೆ ತಲೆಯಿಟ್ಟು ಮಲಗಿದ್ದಳು, ಹೊಟ್ಟೆ ಮೆಲ್ಲಗೆ ಏರಿಳಿಯುತ್ತಿತ್ತು. ಸದ್ದು ಬಚ್ಚಲ ಕಡೆಯಿಂದ. ಆಮೇಲೆ ನಲ್ಲಿ.

"ಬಂದೆ ಅಕ್ಕ" ಎಂದು ಎದ್ದು ಹೋದೆ. ಬಚ್ಚಲ ಬಾಗಿಲು ಹಿಡಿದುಕೊಂಡು ನಿಂತೆ. ನೆಲ ಒಣಗಿತ್ತು. ಆದರೂ ಬೆಳಕು ಹರಿಯುವವರೆಗೂ ಅಲ್ಲೇ ನಿಂತಿದ್ದೆ. ಕಾಲು ನೋಯುತ್ತಿದೆ.


ಮಾರ್ಚ್ 20, ಗುರುವಾರ

ಆರು ಚಮಚ. ವಾಂತಿಯಿಲ್ಲ. ಮಲ ಗಟ್ಟಿಯಾಗಿದೆ. ಡಾಕ್ಟರಮ್ಮ ಕೇಳಿದ್ದನ್ನೆಲ್ಲ ಫೋನಿನಲ್ಲಿ ಹೇಳಿದೆ. "ಪರವಾಗಿಲ್ವೇ, ಈಗ ಸರಿಯಾಗಿ ಹೇಳೋದು ಕಲ್ತಿದೀರ" ಎಂದರು.

ಗುಬ್ಬಿ ಫೋನು ಮಾಡಲಿಲ್ಲ. ನಾಲ್ಕು ದಿನವಾಯಿತು. ಮೇಷ್ಟ್ರಿಗೂ ಎಲ್ಲ ಹೇಳಿದೆ, ಜಗಲಿಯ ಮೇಲೆ ಕೂತು. ಪಾಠ ಮಾಡಲಿಲ್ಲ. ಕನ್ನಡಕ ಒರೆಸಿಕೊಂಡು ಒಳಗೆ ಹೋದರು.


ಮಾರ್ಚ್ 23, ಭಾನುವಾರ

ಹತ್ತು ಗಂಟೆಗೆ ಫೋನು ಬಂತು. ಗುಬ್ಬಿಯ ದನಿ ನೆಗಡಿಯಾದವರ ಹಾಗಿತ್ತು. ಹೇಗಿದ್ದೀಯ ಎಂದು ಕೇಳಿದೆ.

"ಮಾಮ, ಅವತ್ತು ನೀನು ಓದಿದ್ದು ನನಗೆ ಪೂರ್ತಿ ತಲೆಗೆ ಹೋಗ್ಲಿಲ್ಲ. ಇಪ್ಪತ್ತೈದರ ಮುಂದೆ ಏನೂ ಕೇಳಿಸ್ಲೇ ಇಲ್ಲ."

"ಹೂಂ."

"ನಿನ್ನ ಮೇಲೆ ಸಿಟ್ಟಿದೆ. ಹೋಗುತ್ತೋ ಇಲ್ವೋ ಗೊತ್ತಿಲ್ಲ. ಹೋಗುತ್ತೆ ಅಂತ ನಾನು ಹೇಳಲ್ಲ."

"ಹೇಳ್ಬೇಡ."

"ಆದ್ರೆ ಆ ಹತ್ತೊಂಬತ್ತು ದಿನ ಅಮ್ಮನ ಜೊತೆ ಇದ್ದೋನು ನೀನೊಬ್ನೇ. ನನಗೆ ಬೇರೆ ಯಾರೂ ಹೇಳೋರಿಲ್ಲ." ಕಾಗದ ಸರಿಸಿದ ಸದ್ದು ಕೇಳಿಸಿತು, ಪೆನ್ನಿನ ಮುಚ್ಚಳ ತೆಗೆದದ್ದು ಕೇಳಿಸಿತು. "ಮೊದಲಿಂದ ಹೇಳು. ನಿಧಾನಕ್ಕೆ. ಬರೀ ವಾಂತಿ ಅಲ್ಲ, ಅವಳು ಏನು ಮಾತಾಡಿದ್ಲು, ಏನು ಹೊಲೀತಿದ್ಲು, ಎಲ್ಲ. ಬರ್ಕೋತೀನಿ."

ನವೆಂಬರ್ ಹದಿನಾಲ್ಕು, ಬೆಳಿಗ್ಗೆ, ಎಂದೆ. ಅವಳು ಬರೆದುಕೊಳ್ಳುವವರೆಗೆ ಕಾದು ಮುಂದೆ ಹೇಳಿದೆ.